ಹಸಿರು ದಾರದ ಗುರುತು

ಶಿವಾಜಿನಗರದಲ್ಲಿ ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಖುರ್ಷೀದ್ ಕೈಗೆ ಸೀರೆ ಕೊಟ್ಟರೆ ಅದು ಅದಲುಬದಲಾಗುವ ಮಾತೇ ಇಲ್ಲ. ಹದಿನೆಂಟು ವರ್ಷದಿಂದ ಸೀರೆಗೆ ಫಾಲು ಹೊಲಿದು, ಎಳೆ ಬಿಚ್ಚದಂತೆ ಅಂಚಿಗೆ ಪೀಕೋ ಹಾಕುತ್ತಾ ಬಂದವಳು. ಕಸುಬು ಹಿಡಿದ ಹೊಸದರಲ್ಲಿ ಒಮ್ಮೆ ಬೆನ್ಸನ್ ಟೌನಿನ ಮದುಮಗಳ ಸೀರೆಯನ್ನು ಕಮ್ಮನಹಳ್ಳಿಯ ಅಜ್ಜಿಯೊಬ್ಬಳಿಗೆ ಕೊಟ್ಟುಬಿಟ್ಟಿದ್ದಳು. ವಾಪಸು ಕೇಳಲು ಓಡಿದರೆ ಅಜ್ಜಿ ಆಗಲೇ ಉಟ್ಟು ಬಾಗಿಲಲ್ಲಿ ಕೂತಿದ್ದಳು. ಅಂದಿನಿಂದ ಬಂದ ಸೀರೆಯ ಮೂಲೆಗೆ ಒಬ್ಬೊಬ್ಬರದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿಯೇ ಒಳಗಿಡುವುದು.

ಅಂಥವಳಿಗೆ ಮೂವತ್ತಾರನೆಯ ವಯಸ್ಸಿನಲ್ಲಿ ಬಿಟ್ಟು ಬಿಟ್ಟು ಬರುವ ಜ್ವರ, ಎಡಪಕ್ಕೆಯಲ್ಲಿ ಭಾರ. ರಕ್ತ ಪರೀಕ್ಷೆಯ ಕಾಗದ ಹಿಡಿದು ಡಾಕ್ಟರ್ ಹೇಮಶ್ರೀಯ ಮುಂದೆ ಕೂತವಳು ವಾದಕ್ಕೇ ಇಳಿದಳು.

"ಇದು ನಂದಲ್ಲ ಮೇಡಂ. ನೋಡಿ, ಗಂಡು ಅಂತ ಬರ್ದಿದ್ದಾರೆ. ನಮ್ಮಲ್ಲಿ ಖುರ್ಷೀದ್ ಅಂತ ಗಂಡಸರಿಗೂ ಇಡ್ತಾರೆ, ಹೆಂಗಸರಿಗೂ ಇಡ್ತಾರೆ. ಯಾರೋ ಖುರ್ಷೀದ್ ಸಾಬರದ್ದು ನನ್ನ ತಲೆಗೆ ಕಟ್ಟಿದ್ದಾರೆ."

ಹೇಮಶ್ರೀ ನಗಲಿಲ್ಲ. ಅವರಿಗೂ ಅದೇ ಅನುಮಾನ. "ಇದು ಅಪರೂಪದ ರಕ್ತದ ಕ್ಯಾನ್ಸರ್ ರೀ. ಬರೋದು ಹೆಚ್ಚಾಗಿ ಐವತ್ತರ ಆಸುಪಾಸಿನ ಗಂಡಸರಿಗೆ. ಮಕ್ಕಳಲ್ಲಿ ಕಾಣೋದೇ ಇಲ್ಲ ಅನ್ನಬಹುದು. ಐದು ಜನರಲ್ಲಿ ನಾಲ್ಕು ಜನ ಗಂಡಸರೇ."

"ಯಾಕೆ ಹಂಗೆ?"

"ಅದಿನ್ನೂ ಸರಿಯಾಗಿ ಗೊತ್ತಾಗಿಲ್ಲ."

"ಇಷ್ಟು ಓದಿರೋ ನಿಮಗೂ?"

"ಓದಿದ್ಮೇಲೇ ಗೊತ್ತಾಗಿದ್ದು, ಗೊತ್ತಿಲ್ಲ ಅಂತ."

ಆಪಾಗೆ ಆ ಉತ್ತರ ಹಿಡಿಸಿತು. ಮತ್ತೆ ರಕ್ತ ಕೊಡಲು ತೋಳು ಚಾಚಿದಳು. ತುಂಬಿದ ಗಾಜಿನ ನಳಿಗೆಗೆ ತನ್ನ ಚೀಲದಿಂದ ಹಸಿರು ದಾರ ತೆಗೆದು ಮೂರು ಸುತ್ತು ಸುತ್ತಿ ಗಂಟು ಹಾಕಿದಳು. "ನಗೋದಾದ್ರೆ ನಗಿ. ಬಿಚ್ಚಬೇಡಿ ಮಾತ್ರ."

ಮರುದಿನ ಹೇಮಶ್ರೀ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಪಕ್ಕದಲ್ಲೇ ಹಸಿರು ದಾರದ ನಳಿಗೆ. ಆಪಾ ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವಳಂತೆ ಬಗ್ಗಿದಳು. ನೇರಳೆ ಬಣ್ಣದ ದುಂಡನೆಯ ಕಣವೊಂದು ಕಂಡಿತು. ಅದರ ಸುತ್ತ ಎಳೆಗಳು ಎದ್ದಿದ್ದವು.

"ಇದರ ಅಂಚಿಗೆ ಪೀಕೋ ಹಾಕಿಲ್ಲ," ಎಂದಳು.

"ಅದೇ ಕಾಯಿಲೆ. ಆ ಎಳೆ ನೋಡೇ ಗುರುತು ಹಿಡಿಯೋದು."

ಆಪಾ ನಳಿಗೆ ಎತ್ತಿ ಗಂಟನ್ನು ಬೆರಳಲ್ಲಿ ಸವರಿದಳು. ಬೇರೆ ಯಾರೂ ಹಾಕದ ಗಂಟು ಅದು. ಇನ್ನು ಯಾವ ಖುರ್ಷೀದ್ ಸಾಬರ ಮೇಲೂ ಹೊರಿಸುವಂತಿರಲಿಲ್ಲ. ನಳಿಗೆಯನ್ನು ಇದ್ದಲ್ಲೇ ಇಟ್ಟಳು.

"ಔಷಧಿ ಇದೆಯಾ?"

"ಇದೆ. ಒಂದು ವಾರದ ಇಂಜೆಕ್ಷನ್. ಹೆಚ್ಚಿನವರಲ್ಲಿ ಆಮೇಲೆ ವರ್ಷಗಟ್ಟಲೆ ಕಾಯಿಲೆ ತಲೆ ಎತ್ತಲ್ಲ. ಆದ್ರೆ ನೀವು ತಪ್ಪದೆ ಬಂದು ತೋರಿಸ್ತಾ ಇರಬೇಕು."

"ಬರ್ತೀನಿ," ಎಂದ ಆಪಾ ಕಾಗದವನ್ನು ಅವರ ಮುಂದೆ ಸರಿಸಿದಳು. "ಮೊದಲು ಆ ಗಂಡು ಅನ್ನೋದನ್ನ ಹೊಡೆದು ಹೆಣ್ಣು ಅಂತ ಬರೀರಿ. ನನ್ನನ್ನೂ ಆ ನಾಲ್ಕು ಜನರ ಜೊತೆ ಸೇರಿಸಿಬಿಟ್ರೆ, ಐದನೆಯವಳು ಇದ್ದಳು ಅಂತ ಯಾರಿಗೆ ಗೊತ್ತಾಗುತ್ತೆ?"