ಹೆಪ್ಪಿನ ಸೂಜಿ

ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ತಿಕೋಟಾದಲ್ಲಿ ನನ್ನ ಕೆಲಸ. ಯಾರು ಎಲ್ಲಿ ನೋವು ಅಂದರೂ ನನ್ನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಅರವತ್ತನೇ ಇಸವಿ ದಾಟಿತ್ತು. ಬಬಲೇಶ್ವರಕ್ಕೆ ಕೊಟ್ಟಿದ್ದ ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಹುಟ್ಟಿತು. ಹನ್ನೆರಡನೇ ದಿನಕ್ಕೆ ಅವಳ ಎಡಗಾಲು ತೊಡೆಯವರೆಗೂ ಬಾತು ಬೆಳ್ಳಗೆ ಬಿಗಿದುಕೊಂಡಿತು. ಎರಡು ದಿನ ನಾನೇ ತಿಕ್ಕಿದೆ. ಇಳಿಯಲಿಲ್ಲ. ಬಸ್ಸಿನಲ್ಲಿ ಮಲಗಿಸಿಕೊಂಡು ವಿಜಾಪುರದ ದವಾಖಾನೆಗೆ ಒಯ್ದೆವು.

"ಕಾಲು ತಿಕ್ಕಿದವರ್ಯಾರು?" ಡಾಕ್ಟರು ಕೇಳಿದರು.

"ನಾನರೀ."

"ನರದಾಗ ರಕ್ತ ಹೆಪ್ಪುಗಟ್ಟೇದ. ಆ ಗಡ್ಡಿ ಕಿತ್ತು ಎದಿಗೆ ಹೋತಂದ್ರ ಉಸುರು ನಿಲ್ಲತದ. ಇನ್ನ ಮುಟ್ಟಬ್ಯಾಡ."

ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಸೂಜಿ ಹಾಕುತ್ತಿದ್ದರು. ಡಾಕ್ಟರು ಅವಳ ರಕ್ತವನ್ನು ಗಾಜಿನ ನಳಿಗೆಯಲ್ಲಿ ತೆಗೆದು, ಗಡಿಯಾರ ನೋಡುತ್ತ ಅದನ್ನು ಓರೆ ಮಾಡುತ್ತಿದ್ದರು. ಗಟ್ಟಿಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ಔಷಧ ಹೆಚ್ಚುಕಡಿಮೆ ಮಾಡುತ್ತಿದ್ದರು. ನರ್ಸಬಾಯಿ ನನಗೆ ಬೆರಳು ತೋರಿಸಿ ಹೇಳಿದಳು: "ಒಸಡಿನಾಗ, ಉಚ್ಚ್ಯಾಗ ರಕ್ತ ಕಂಡ್ರ ಆಗಿಂದಾಗ ಹೇಳು. ತಲಿನೋವಂತ ಅಂಗಡಿ ಗುಳಿಗಿ ಕೊಡಬ್ಯಾಡ. ಸೂಜಿ ಚುಚ್ಚಿದ ಜಾಗ ತಿಕ್ಕಬ್ಯಾಡ, ಹತ್ತಿ ಇಟ್ಟು ಸುಮ್ನ ಒತ್ತಿ ಹಿಡಿ."

ಔಷಧದ ಹೆಸರು ಹೆಪಾರಿನ್. ನಮ್ಮ ಬಾಯಲ್ಲಿ ಅದು ಹೆಪ್ಪಿನ ಸೂಜಿ ಆಯಿತು.

ನಾಲ್ಕು ದಿನಕ್ಕೆ ಬಾವು ಇಳಿಯತೊಡಗಿತು. "ಅಕ್ಕಾ, ಕುಂಬಳಕಾಯಿ ಹೋಗಿ ಕಾಲ್ ಆತು ನೋಡ," ಎಂದು ತಂಗಿ ನಕ್ಕಳು. ಅವತ್ತು ಸಂಜೆ ಸೂಜಿಯಾದ ಮೇಲೆ "ಭಾಳ ಉರಿಯಾಕತ್ತದ ಬೇ" ಎಂದಳು. ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು. ಚೆನ್ನಾಗಿ ತಿಕ್ಕಿದೆ. ಮುಂಜಾನೆ ನೋಡಿದರೆ ಹೊಟ್ಟೆಯ ಮೇಲೆ ಅಂಗೈ ಅಗಲ ಕಪ್ಪು ಕಲೆ.

ಅವಳ ಅತ್ತೆ, ಗಂಡ ಅದೇ ದಿನ ಬಬಲೇಶ್ವರದಿಂದ ಬಂದರು. ಅತ್ತೆ ಸೀರೆ ಸರಿಸಿ ನೋಡಿದಳು.

"ಇದೇನ ಬೇ?"

"ಹೆಪ್ಪಿನ ಸೂಜಿ," ಎಂದೆ.

"ಯವ್ವಾ! ಕಾಲಾಗ ಹೆಪ್ಪುಗಟ್ಟೇದಂತ ಕರಕೊಂಡ ಬಂದ್ರ ಹೊಟ್ಟಿಗೂ ಹೆಪ್ಪ ಹಾಕ್ಯಾರಲ್ಲ! ಇಕಿ ಏನ್ ಹಾಲಿನ ಗಡಿಗ್ಯಾ?"

"ಇದು ಹೆಪ್ಪು ತಡಿಯೋ ಔಷಧರಿ, ಅಮ್ಮಾ," ಎಂದಳು ನರ್ಸಬಾಯಿ.

"ತಡಿಯೋದಾದ್ರ ಹೆಸರ್ಯಾಕ ಹೆಪ್ಪು? ಈ ಕರಿ ಕಲಿ ಯಾಕ? ನನಗೇನ ಕಣ್ಣಿಲ್ಲೇನು?"

ನರ್ಸಬಾಯಿ ಬಗ್ಗಿ ಕಲೆ ನೋಡಿದಳು. ನನ್ನ ಕಡೆ ತಿರುಗಿದಳು. "ತಿಕ್ಕಿದೇನು?"

ಅತ್ತೆಯೂ ನನ್ನನ್ನೇ ನೋಡುತ್ತಿದ್ದಳು.

"ಇಲ್ಲರಿ," ಎಂದೆ.

ಹೌದು ಎಂದಿದ್ದರೆ ಅತ್ತೆ ನನ್ನನ್ನು ಬೈಯುತ್ತಿದ್ದಳು. ತಿಕೋಟಾದಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ತಂಗಿ ದವಾಖಾನೆಯಲ್ಲೇ ಉಳಿಯುತ್ತಿದ್ದಳು. ತಂಗಿಗೂ ಗೊತ್ತಿತ್ತು. ಅವಳೂ ನನ್ನ ಸಲುವಾಗಿ ಬಾಯಿ ಬಿಡಲಿಲ್ಲ.

"ತವರವ್ರು ನೋಡ್ಕೊಂಡದ್ದು ಸಾಕು," ಎಂದು ಅತ್ತೆ ಗಂಟು ಕಟ್ಟಿದಳು. ಡಾಕ್ಟರು ಬಾಗಿಲಿಗೆ ಅಡ್ಡ ನಿಂತರು. "ಅರ್ಧಕ್ಕ ಬಿಟ್ರ ಮತ್ತ ಗಡ್ಡಿ ಕಟ್ಟತದ. ಇನ್ನೂ ಐದ್ ದಿನ ಬೇಕ ಬೇಕು." ಗಂಡ ತಾಯಿಯ ಮುಖ ನೋಡಿ, ನಮ್ಮ ಜವಾಬ್ದಾರಿಯ ಮೇಲೆ ಒಯ್ಯುತ್ತೇವೆಂಬ ಕಾಗದಕ್ಕೆ ಸಹಿ ಹಾಕಿದ.

"ಹೋಗ್ಲೇನಕ್ಕಾ?" ಎಂದಳು ತಂಗಿ.

"ಹೋಗು," ಎಂದು ಕೂಸಿನ ತಲೆಗೆ ಕುಂಚಿಗೆ ಕಟ್ಟಿದೆ.

ಮೂರನೇ ದಿನ ಬಬಲೇಶ್ವರದಿಂದ ಸುದ್ದಿ ಬಂತು. ಅಳುತ್ತಿದ್ದ ಕೂಸನ್ನು ಎತ್ತಿಕೊಳ್ಳಲು ಎದ್ದಳಂತೆ, ಎದೆ ಹಿಡಿದುಕೊಂಡಳಂತೆ, ತೊಟ್ಟಿಲ ಪಕ್ಕದಲ್ಲೇ ಬಿದ್ದಳಂತೆ.

ಹೋಗಿ ಮೈ ತೊಳೆದೆ. ಹೊಟ್ಟೆಯ ಕಲೆ ಹಳದಿಗೆ ತಿರುಗಿತ್ತು, ಮಾಯುತ್ತಿತ್ತು. ಕಾಲು ಮತ್ತೆ ಬಾತಿತ್ತು.

"ಹೆಪ್ಪು ಎದಿಗೇರ್ತು. ನಾ ಹೇಳಿರ್ಲಿಲ್ಲೇನು?" ಎಂದು ಅತ್ತೆ ಬಂದವರಿಗೆಲ್ಲ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಮುಂದೆ ಎಷ್ಟೋ ದಿನಕ್ಕೆ ಅತ್ತೆಯ ಓಣಿಯಲ್ಲಿ ಇನ್ನೊಬ್ಬ ಬಾಣಂತಿಗೆ ಕಾಲು ಬಾತಾಗ ದವಾಖಾನೆಗೇ ಒಯ್ಯಲಿಲ್ಲ. ಅವಳೂ ಸತ್ತಳು. ಅವಳ ಮೈ ತೊಳೆಯಲೂ ನನ್ನನ್ನೇ ಕರೆದರು.

ತಂಗಿಯನ್ನು ಮಣ್ಣು ಮಾಡಿ ಬಂದ ದಿನವೇ ಅತ್ತೆ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು.

"ನೀನ ಎರಿ, ಬೇ. ನಿನ್ನ ಕೈಗುಣ ಛಲೋ ಅದ."

ಎರೆದೆ.