ಎರಡು ಸೀದಾ, ಎರಡು ಉಲ್ಟಾ

ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ಹಿಂದಿನಿಂದ ಹೆಂಡತಿ ಗಂಗವ್ವ ಕೂಗಿದಳು, “ಏನ್ರಿ, ಒಂದ ಚಪ್ಪಲ್ ಹಾಕ್ಕೊಂಡು ಎಲ್ಲಿಗಿ ಹೊಂಟೀರಿ?” ನೋಡಿಕೊಂಡೆ. ಬಲಗಾಲಿನದು ಹೊಸ್ತಿಲಲ್ಲೇ ಬಿದ್ದಿತ್ತು. ಕಳಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಏನೋ ಹೇಳಲು ಬಾಯಿ ತೆರೆದೆ. ಮಾತು ತೊದಲಿತು.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು.

ನಾನು ಕಟ್ಟಡದ ಕಂಬಿ ಕಟ್ಟುವವನು. ಐದನೇ ಇಯತ್ತೆಗೆ ಶಾಲೆ ಬಿಟ್ಟೆ. ವಿಜಯಪುರದ ಕಡೆಯಿಂದ ಬಂದು ಇಲ್ಲಿ ಗೋವಾದ ಕೊರ್ತಾಲಿಮ್‌ನಲ್ಲಿ ಬಾಡಿಗೆ ಖೋಲಿ ಹಿಡಿದೆ. ಈ ಸುತ್ತಮುತ್ತಲಿನ ಎಷ್ಟೋ ಸ್ಲ್ಯಾಬುಗಳ ಒಳಗೆ ನನ್ನ ಕಟ್ಟು ಇದೆ. ಈಗ ಆ ಕೈಗೆ ಅಂಗಿಯ ಗುಂಡಿಯೂ ಸಿಗದು. ನಾಲಗೆ ಬೇಗ ದಾರಿಗೆ ಬಂತು. ಬಲಗೈ ಬರಲಿಲ್ಲ.

ಆಸ್ಪತ್ರೆಯ ಫಿಜಿಯೋ ಮೇಡಮ್ ಕಾರವಾರದವರು. ಉಣ್ಣೆ ಹೆಣೆಯಿರಿ ಅಂದರು.

“ಗಂಡಸ್ರು ಮಾಡೂ ಕೆಲಸೇನ್ರಿ ಅದು?”

“ಗಂಡಸು, ಹೆಂಗಸು ಅಂತೆಲ್ಲ ನಿಮ್ಮ ಬೆರಳಿಗೆ ಗೊತ್ತಿಲ್ಲ.”

“ಸೈಟಿಗೆ ಯಾವಾಗ ಹೋಗಲ್ರಿ?”

“ಮೊದಲು ಹಿಡಿತ ಬರಲಿ.”

ಗೋವಾದ ಈ ಸೆಖೆಯಲ್ಲಿ ಉಣ್ಣೆ!

ಮನೆಯ ಮಾಲಕಿ ಫಿಲೋಮೆನಾ ಆಂಟಿ ದಪ್ಪ ಸೂಜಿ, ಉಣ್ಣೆ, ಜೊತೆಗೆ ಮಫ್ಲರ್ ಹೆಣೆಯುವ ಇಂಗ್ಲಿಷ್ ಹಾಳೆಯೊಂದನ್ನು ಕೊಟ್ಟರು. ಇಂಗ್ಲಿಷ್ ಅಕ್ಷರ, ಅಂಕಿ ನನಗೆ ಬರುತ್ತವೆ. ಸೈಟಿನ ಡ್ರಾಯಿಂಗ್ ನೋಡಿಯೇ ಬದುಕಿದವನು ನಾನು. ಹಾಳೆ ಬಿಚ್ಚಿದರೆ K2, P2, K2tog, rep. ಒಂದಾದರೂ ಪೂರ್ತಿ ಶಬ್ದವಿಲ್ಲ. ಆಸ್ಪತ್ರೆಯ ಚೀಟಿಯಲ್ಲೂ ಹೀಗೇ, ಗುಳಿಗೆಯ ಮುಂದೆ BD, TDS. ಪೂರ್ತಿ ಬರೆದರೆ ಇವರ ಶಾಯಿ ತೀರುತ್ತದೆಯೇ?

ನಮ್ಮ ಡ್ರಾಯಿಂಗಿನಲ್ಲಿ C2 ಅಂದರೆ ಎರಡನೇ ನಮೂನೆಯ ಪಿಲ್ಲರು. ಅದೇ ಲೆಕ್ಕದಲ್ಲಿ K2 ಅಂದರೆ ಎರಡನೇ ನಮೂನೆಯ ಗಂಟು ಅಂದುಕೊಂಡೆ. ಹಾಗಾದರೆ K1 ಎಲ್ಲಿ? ಹಾಳೆಯ ಹಿಂದೆ ಮುಂದೆ ಹುಡುಕಿದೆ. ಯಾರನ್ನೂ ಕೇಳಲಿಲ್ಲ. ನನ್ನ ಒದ್ದಾಟ ನೋಡಲಾರದೆ ಆಂಟಿಯೇ ಹಿಂದಿಯಲ್ಲಿ ಬಿಡಿಸಿ ಹೇಳಿದರು. K ಅಂದರೆ ಸೀದಾ, P ಅಂದರೆ ಉಲ್ಟಾ. ಮುಂದಿನ ಅಂಕಿ, ಎಷ್ಟು ಹಾಕಬೇಕು ಅನ್ನುವುದು. tog ಇದ್ದರೆ ಎರಡು ಕುಣಿಕೆ ಒಟ್ಟಿಗೆ ಹೆಣೆದು ಒಂದು ಮಾಡುವುದು. rep ಅಂದರೆ ಅದನ್ನೇ ಮತ್ತೆ.

ಇಷ್ಟೇ! ಇಷ್ಟಕ್ಕೆ ನನ್ನ ತಲೆ ತಿಂದಿದ್ದರು.

ಗೊತ್ತಾದ ಮೇಲೆ ಬಿಡುತ್ತೇನೆಯೇ? ಒಂದೊಂದು ಕುಣಿಕೆಯನ್ನೂ ಕಂಬಿಗೆ ತಂತಿ ಬಿಗಿದ ಹಾಗೆ ಬಿಗಿದೆ. ಆಂಟಿ ಮುಂದಿನ ಸಾಲಿಗೆ ಸೂಜಿ ತೂರಿಸಲು ನೋಡಿದರು. ತೂರಲಿಲ್ಲ.

“ಅರೇ ಬಾಬಾ, ಯೇ ಮಫ್ಲರ್ ಹೈ ಯಾ ಪಿಲ್ಲರ್?”

“ಅದರ ಮ್ಯಾಲ ಕಾಂಕ್ರೀಟ್ ಹಾಕಿಬಿಡ್ರಿ ಆಂಟಿ,” ಅಂತ ಗಂಗವ್ವ ನಕ್ಕಳು.

ಸೂಜಿ ಬಿಸಾಕಿದೆ. ಗಂಗವ್ವನೇ ಎತ್ತಿ ಕೊಟ್ಟಳು. ಈಗ ನಗುತ್ತಿರಲಿಲ್ಲ. “ಎಳದದ್ದೆಲ್ಲಾ ನಿಮ್ಮ ಎಡಗೈ. ಬಲಗೈ ಬರೇ ಕುಂತು ನೋಡೇತಿ. ಹಿಂಗಾದ್ರ ಅದು ಯಾವಾಗ ಕಲೀಬೇಕ್ರಿ?”

ಖರೇ ಮಾತು. ಅದಕ್ಕೇ ಮೈ ಉರಿಯಿತು.

ಎಲ್ಲ ಬಿಚ್ಚಿದೆ. ದಾರವನ್ನು ಬಲಗೈಗೆ ಕೊಟ್ಟೆ. ಜಾರಿತು. ಮತ್ತೆ ಕೊಟ್ಟೆ. ಎರಡು ಸೀದಾ, ಎರಡು ಉಲ್ಟಾ. ಕುಣಿಕೆ ಬಿತ್ತು. ಮತ್ತೆ. ಕಂಬಿಯಲ್ಲಿ ಕಟ್ಟು ಸಡಿಲಾದರೆ ಮಾನ ಹೋಗುತ್ತದೆ. ಇಲ್ಲಿ ಸಡಿಲ ಬಿಟ್ಟರಷ್ಟೇ ಸೂಜಿ ಮುಂದೆ ಹೋಗುತ್ತದೆ. ಇಷ್ಟು ವರ್ಷ ದುಡಿದು ಕೈಗೆ ಕಲಿಸಿದ್ದನ್ನು ಅದೇ ಕೈಯಿಂದ ಬಿಡಿಸುವುದು, ಅದೂ ಹೆಂಡತಿ ದುಡಿದು ತಂದದ್ದನ್ನು ಉಂಡು, ಕುರ್ಚಿಯ ಮೇಲೆ ಕೂತು ಬಿಡಿಸುವುದು ಎಷ್ಟು ಕಷ್ಟವೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ದಿನಾ ಬೈದುಕೊಂಡೆ. ದಿನಾ ಹೆಣೆದೆ.

ಮಫ್ಲರು ಮೊಳದಷ್ಟಾದಾಗ ಒಯ್ದು ಮೇಡಮ್ ಮೇಜಿನ ಮೇಲೆ ಹಾಸಿದೆ. ಹೊಗಳುತ್ತಾರೆಂದು ಕಾದೆ. ಅವರು ಅದನ್ನು ಬದಿಗೆ ಸರಿಸಿದರು! ಸೀದಾ ಯಾವುದು, ಉಲ್ಟಾ ಯಾವುದು ಅಂತಲೂ ಕೇಳಲಿಲ್ಲ. ತಮ್ಮ ಎರಡು ಬೆರಳನ್ನು ನನ್ನ ಬಲ ಅಂಗೈಯಲ್ಲಿಟ್ಟು, “ಹಿಂಡಿ,” ಅಂದರು.

ಹಿಂಡಿದೆ.

“ಅಯ್ಯೋ, ಸಾಕು ಮಾರಾಯ್ರೇ, ನೋವಾಯ್ತು!”

ಬೆರಳು ಉಜ್ಜಿಕೊಳ್ಳುತ್ತ ಹೇಳಿದರು, ಏಣಿ ಹತ್ತುವುದು ಸದ್ಯಕ್ಕೆ ಬೇಡ, ನೆಲದ ಮೇಲೆ ಕೂತು ಕಟ್ಟುವ ಕೆಲಸವಿದ್ದರೆ ಮುಂದಿನ ತಿಂಗಳು ಸ್ವಲ್ಪ ಸ್ವಲ್ಪ ಶುರು ಮಾಡಿ. ಮೊದಲಾಗಿದ್ದರೆ ಸಿಟ್ಟಾಗಿ ಎದ್ದು ಬರುತ್ತಿದ್ದೆ. ಹೂಂ ಅಂದೆ.

ನೋವು ಮಾಡಿದ್ದಕ್ಕೆ ತಪ್ಪಾಯ್ತು ಅನ್ನಬೇಕಿತ್ತು. ಅನ್ನಲಿಲ್ಲ.

“ಇನ್ನೊಮ್ಮೆ ಹಿಂಡಲೇನ್ರಿ?” ಅಂತ ಕೇಳಿದೆ.