ಸರದಾರನ ಮುಖವಾಡ ಹೊಲಿದ ಕ್ಲಾರಾ

ಕೇಶ್ವಾಪುರದ ಕ್ಲಾರಾ ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕಿದವರು ಕಡಿಮೆ. ಇಪ್ಪತ್ತೆರಡು ವರ್ಷಗಳಿಂದ ಚರ್ಚಿನ ಗಾಯಕರ ನಿಲುವಂಗಿಗಳೂ ಧಾರವಾಡದ ನಾಟಕದವರ ವೇಷಗಳೂ ಅವಳ ಕೈಯಿಂದಲೇ ಹೋಗುತ್ತಿದ್ದವು. ಕಳೆದ ವರ್ಷದ ಸಂಗೀತ ನಾಟಕಕ್ಕೆ ಕರಿ ಮುಖವಾಡ ಹೊಲಿದವಳೂ ಅವಳೇ. ಮುಖ ಮುಚ್ಚಿಕೊಂಡು, ಹಾಡುತ್ತ, ಕತ್ತಿ ಬೀಸುತ್ತ ಬಡವರನ್ನು ಕಾಯುವ ಸರದಾರನ ಪಾತ್ರ ವಿನೀತನದು. ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ, ಇನ್ನೂ ಮೂವತ್ತು ದಾಟದವನು.

ತಾಲೀಮು ಮುಗಿಸಿ ಅವನು ಮುಖವಾಡವನ್ನು ಅವಳ ಕೈಗಿಟ್ಟ.

“ಅಕ್ಕಾರ, ಬಾಜೂಕ ಏನೂ ಕಾಣವಲ್ದರಿ. ಕಣ್ಣಿನ ತೂತು ಚೂರು ದೊಡ್ಡು ಮಾಡಿಕೊಡ್ರಿ.”

“ಆತು ತಮ್ಮಾ, ನಾಳಿ ಮಾಡ್ತೇನಿ.”

ಮರುದಿನ ಈಸ್ಟರಿನ ಹದಿನಾಲ್ಕು ನಿಲುವಂಗಿಗಳು ಮೇಜಿನ ಮೇಲಿದ್ದವು. ಇಷ್ಟರಿಂದ ಏನಾದೀತು ಎಂದುಕೊಂಡು ಕ್ಲಾರಾ ಮುಖವಾಡಕ್ಕೆ ಇಸ್ತ್ರಿ ಹೊಡೆದು ಹಾಗೆಯೇ ಕಳಿಸಿದಳು.

ಎರಡನೆಯ ಅಂಕದಲ್ಲಿ ಸರದಾರ ಕೋಟೆಗೋಡೆಯ ಮೇಲೆ ಕಾದಾಡುತ್ತ ಪಕ್ಕಕ್ಕೆ ಸರಿಯಬೇಕು. ಪ್ರದರ್ಶನದ ದಿನ ವಿನೀತ ಒಂದು ಹೆಜ್ಜೆ ಹೆಚ್ಚು ಸರಿದ. ಒಂಬತ್ತು ಅಡಿ ಕೆಳಗೆ ಬಿದ್ದ. ಅದೂ ನಾಟಕವೆಂದು ಜನ ಚಪ್ಪಾಳೆ ತಟ್ಟಿದರು.

ಬೆನ್ನುಹುರಿ ಜಖಂ ಆಗಿದೆ, ಕಾಲಿಗೆ ಮತ್ತೆ ಶಕ್ತಿ ಬರುವುದಿಲ್ಲ ಎಂದರು ಸತ್ತೂರಿನ ಆಸ್ಪತ್ರೆಯಲ್ಲಿ. ನಾಟಕದವರು ಗೋಡೆ ಕಟ್ಟಿದ ಬಡಗಿಯನ್ನು ಬೈದರು. ಕ್ಲಾರಾಳ ಹೆಸರು ಯಾರೂ ಎತ್ತಲಿಲ್ಲ. ಅದನ್ನೇ ಅವಳಿಗೆ ತಾಳಲಾಗಲಿಲ್ಲ. ಇಪ್ಪತ್ತನೆಯ ದಿನ ಅವನ ಹಾಸಿಗೆಯ ಬಳಿ ಹೋಗಿ ನಿಂತಳು.

“ತಮ್ಮಾ, ನಾ ತೂತು ದೊಡ್ಡು ಮಾಡಿದ್ದಿಲ್ಲ. ಹಂಗ ಕಳಿಸಿಬಿಟ್ಟೆ.”

“ಗೊತ್ತದರಿ. ಹಾಕ್ಕೊಂಡ ಕೂಡ್ಲೆ ಗೊತ್ತಾತು.”

“ಮತ್ಯಾಕ ಹಾಕ್ಕೊಂಡಿ?”

“ಘಂಟಿ ಬಾರಿಸಿದ್ರು. ಜನಾ ಕೂತಿದ್ರು.” ಅಷ್ಟು ಹೇಳಿ ಅವನು ಗೋಡೆಯ ಕಡೆ ಮುಖ ಮಾಡಿದ.

ವಿನೀತನ ತಾಯಿ ಕಾಶೀಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಇನ್ನ ಮ್ಯಾಲೆ ಇಲ್ಲೆ ಬರಬ್ಯಾಡ್ರಿ,” ಎಂದರು.

ಕ್ಲಾರಾ ಮರುದಿನವೂ ಬಂದಳು. ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಒಂಬತ್ತು ದಿನ ಕೂತು ಕೂತು ಎದ್ದುಹೋದಳು. ಹತ್ತನೆಯ ದಿನ ಮಧ್ಯಾಹ್ನ ಕಾಶೀಬಾಯಿ ಹೊರಗೆ ಬಂದರು. ಎರಡು ತಾಸಿಗೊಮ್ಮೆ ಮಗನ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಅವರ ಸೊಂಟ ಸೋತಿತ್ತು.

“ಆ ಕಡೆ ಹಿಡೀರಿ,” ಎಂದರು, ಅವಳ ಮುಖ ನೋಡದೆ.

ಕ್ಲಾರಾ ಹಿಡಿದಳು. ಅವನ ಕಾಲುಗಳು ಬಹಳ ಭಾರವಾಗಿದ್ದವು.

ಈಗ ಅವನು ಮನೆಗೆ ಬಂದಿದ್ದಾನೆ. ಕ್ಲಾರಾ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಧಾರವಾಡಕ್ಕೆ, ಅವನ ಮಗ್ಗುಲು ಬದಲಿಸಲು ಹೋಗುತ್ತಾಳೆ. ಕಾಶೀಬಾಯಿ ಬಾಗಿಲು ತೆರೆದಿಟ್ಟಿರುತ್ತಾರೆ. ವಿನೀತ ಅವಳೊಡನೆ ಮಾತಾಡುವುದಿಲ್ಲ.